ಲಸಿಕೆ ಬೇಡ ಅಂದಿದ್ದಕ್ಕೆ ಕೆಲಸಕ್ಕೆ ಕುತ್ತು ಬಂದಿದೆಯೇ? ರಾಜೀನಾಮೆಗೆ ಸಹಿ ಹಾಕುವ ಮೊದಲು ಓದಿ

2021ರ ಸೆಪ್ಟೆಂಬರ್. ಸಂಜೆ ಏಳರ ಹೊತ್ತಿಗೆ ನಮ್ಮ ಓಣಿಯ ಹುಡುಗನೊಬ್ಬ ಮನೆಗೆ ಬಂದ. ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ. ಜೈನರ ಮನೆತನ. ಕೋವಿಡ್ ಲಸಿಕೆಗೆ ಕರುವಿನ ರಕ್ತ ಬಳಸುತ್ತಾರೆ ಅಂತ ಎಲ್ಲೋ ಓದಿ, ‘ನಮ್ಮ ಧರ್ಮಕ್ಕೆ ಆಗುವುದಿಲ್ಲ, ನನ್ನನ್ನು ಬಿಡಿ’ ಎಂದು ಎಚ್‌ಆರ್‌ಗೆ ಒಂದೇ ಸಾಲಿನ ಪತ್ರ ಕೊಟ್ಟಿದ್ದ.

“ಕಾಕಾ, ರಾಜೀನಾಮಾ ಕೊಟ್ಟೇನ್ರಿ.”

“ಯಾರು ಬರದ್ರು ಅದನ್ನ?”

“ಅವರ ಟೈಪ್ ಮಾಡಿ ಇಟ್ಟಿದ್ರು. ನಾ ಸಹಿ ಅಷ್ಟ ಮಾಡಿದ್ನಿ. ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಚಲೋ ಕೊಡ್ತೇವಿ ಅಂದ್ರು.”

ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ 19 ವರ್ಷ ಕುಳಿತವನು. ಇಂಥ ಟೈಪ್ ಮಾಡಿಟ್ಟ ಹಾಳೆಗಳನ್ನು ಮೇಜಿನ ಆಚೆ ಬದಿಯಿಂದ ಎಷ್ಟೋ ಸಲ ನೋಡಿದ್ದೇನೆ. ಆ ಸಹಿ ಬಿದ್ದ ಗಳಿಗೆಗೆ ಕಾಗದದ ಪ್ರಕಾರ ಅವನನ್ನು ಯಾರೂ ತೆಗೆದಿರಲಿಲ್ಲ. ಅವನೇ ಬಿಟ್ಟು ಹೋಗಿದ್ದ. ಲಸಿಕೆಯ ಮಾತಾಗಲಿ ಧರ್ಮದ ಮಾತಾಗಲಿ ಆ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ. ‘ವೈಯಕ್ತಿಕ ಕಾರಣ’ ಅಂತ ಇತ್ತು.

ಮೊದಲೇ ಹೇಳಿಬಿಡುತ್ತೇನೆ. ನಾನು ಎರಡೂ ಡೋಸ್ ಹಾಕಿಸಿಕೊಂಡವನು. ನಮ್ಮ ಅವ್ವನಿಗೂ ಹಾಕಿಸಿದ್ದೇನೆ. ಲಸಿಕೆ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳಕ್ಕೆ ಇಲ್ಲಿ ಜಾಗ ಕೊಡುವುದಿಲ್ಲ. ನಾನು ವಕೀಲನೂ ಅಲ್ಲ. ನಂಬಿಕೆಯ ಕಾರಣಕ್ಕೆ ವಿನಾಯಿತಿ ಕೇಳಿ ಕೆಲಸಕ್ಕೆ ಕುತ್ತು ತಂದುಕೊಂಡವರು ಯಾವ ಕಾಗದ ಬರೆಯಬೇಕು, ಯಾವುದಕ್ಕೆ ಸಹಿ ಹಾಕಬಾರದು, ಯಾವ ಬಾಗಿಲು ತಟ್ಟಬೇಕು ಅನ್ನುವುದಷ್ಟೇ ನನಗೆ ಗೊತ್ತಿರುವ ವಿಷಯ.

ಮೊದಲು: ಸೂಜಿ ಕೇಳುತ್ತಿರುವುದು ಯಾರು?

ಮಾಲೀಕರು ‘ಕಡ್ಡಾಯ’ ಅಂದ ಕೂಡಲೇ ಅದು ಸರ್ಕಾರದ ಕಾನೂನು ಅಂತ ಬಹಳ ಜನ ತಿಳಿಯುತ್ತಾರೆ. ಹಾಗಿರಬೇಕು ಅಂತೇನಿಲ್ಲ. ಸುತ್ತೋಲೆಯ ಪ್ರತಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಯಾವ ಕಾಯ್ದೆ, ಯಾವ ಆದೇಶ ಅಂತ ಬರೆದಿದೆಯೋ ನೋಡಿ.

ಕೋವಿಡ್ ಲಸಿಕೆ ನಮ್ಮ ದೇಶದಲ್ಲಿ ಆರೋಗ್ಯ ಸಿಬ್ಬಂದಿಗೆ ಶುರುವಾದದ್ದು 2021ರ ಜನವರಿ 16ರಂದು. ಅದು ಸ್ವಇಚ್ಛೆಯದು ಎಂದೇ ಕೇಂದ್ರ ಸರ್ಕಾರ ಹೇಳಿಕೊಂಡು ಬಂತು. ಆದರೂ ನೆಲದ ಮೇಲೆ ಸಂಬಳ, ರೇಷನ್, ಬಸ್ಸು ಎಲ್ಲಕ್ಕೂ ಸರ್ಟಿಫಿಕೇಟ್ ಕೇಳಿದ್ದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ?

ಆದರೆ ಅಡುಗೆ, ತಿಂಡಿಯ ಕೆಲಸದ ಮಾತೇ ಬೇರೆ. ಬೆಳಗಾವಿಯಲ್ಲಿ ಕುಂದಾ ಮಾಡುವವರು, ಗೋಕಾಕದಲ್ಲಿ ಕರದಂಟು ಕಟ್ಟುವವರು, ಖಾನಾವಳಿ, ಬೇಕರಿ, ಹೋಟೆಲಿನವರು ಗಮನ ಕೊಟ್ಟು ಓದಿ. ಆಹಾರ ಸುರಕ್ಷತೆಯ 2011ರ ಪರವಾನಗಿ ನಿಯಮಗಳ 4ನೇ ಅನುಸೂಚಿಯಲ್ಲಿ ಸ್ಪಷ್ಟವಾಗಿದೆ: ಆಹಾರ ಮುಟ್ಟುವ ನೌಕರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯ್ಡ್‌ನಂಥ ಕರುಳಿನ ರೋಗಗಳಿಗೆ ಲಸಿಕೆ ಆಗಿರಬೇಕು, ಅದರ ದಾಖಲೆ ಇಟ್ಟಿರಬೇಕು. ಇಲ್ಲಿ ಮಾಲೀಕರ ಕೈ ಕಟ್ಟಿದೆ. ಇನ್‌ಸ್ಪೆಕ್ಟರ್ ಬಂದರೆ ಅವರ ಲೈಸೆನ್ಸಿಗೇ ತೊಂದರೆ. ಹಾಗಾಗಿ ‘ನನಗೆ ಬಿಟ್ಟುಬಿಡಿ’ ಅಂತ ಕೇಳುವುದಕ್ಕಿಂತ ‘ನನ್ನನ್ನು ಆಹಾರ ಮುಟ್ಟದ ಕೆಲಸಕ್ಕೆ, ಬಿಲ್ಲಿಂಗ್‌ಗೋ ಡೆಲಿವರಿ ಲೆಕ್ಕಕ್ಕೋ ಹಾಕಿ’ ಅಂತ ಕೇಳುವುದು ಜಾಣತನ.

ಆಸ್ಪತ್ರೆಗಳಲ್ಲಿ ಈಗ ಹೆಚ್ಚು ಕೇಳುವುದು ಹೆಪಟೈಟಿಸ್ ಬಿ. ಸಾಮಾನ್ಯವಾಗಿ ಅದು ಸಂಸ್ಥೆಯ ಸ್ವಂತ ನಿಯಮ. ರಕ್ತ, ಸೂಜಿಯ ನಡುವೆ ಕೆಲಸ ಮಾಡುವವರಿಗೆ ಅದನ್ನು ಯಾಕೆ ಕೇಳುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು: ಪತ್ರ. ಒಂದು ಸಾಲಿನದ್ದಲ್ಲ

ನಮ್ಮ ಹುಡುಗನ ಪತ್ರದಲ್ಲಿ ಯಾವ ಲಸಿಕೆ, ಯಾವ ನಂಬಿಕೆ, ಬದಲಿಗೆ ಏನು ಮಾಡಲು ತಯಾರು, ಒಂದೂ ಇರಲಿಲ್ಲ. ಅಂಥ ಪತ್ರವನ್ನು ‘ಆದೇಶ ಮೀರಿದ್ದಾನೆ’ ಅಂತ ಓದುವುದು ಬಹಳ ಸುಲಭ. ನಾನು ಆಮೇಲೆ ಇನ್ನೊಬ್ಬರಿಗೆ ಬರೆದುಕೊಟ್ಟದ್ದು ಹೀಗಿತ್ತು:

“ಮಾನ್ಯರೇ, ನಾನು ಎರಡು ವರ್ಷಗಳಿಂದ ತಮ್ಮ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ತಮ್ಮ ಸುತ್ತೋಲೆಯಲ್ಲಿ ಹೇಳಿರುವ ಲಸಿಕೆಯ ತಯಾರಿಯಲ್ಲಿ ಪ್ರಾಣಿಯಿಂದ ಬಂದ ವಸ್ತು ಬಳಕೆಯಾಗುತ್ತದೆ. ನಾನು ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದಿರುವ ಅಹಿಂಸೆಯ ನಿಯಮಕ್ಕೆ ಅದು ಹೊಂದುವುದಿಲ್ಲ ಎಂಬುದು ನನ್ನ ನಂಬಿಕೆ. ಆದ್ದರಿಂದ ಈ ಒಂದು ಲಸಿಕೆಯಿಂದ ವಿನಾಯಿತಿ ಕೋರುತ್ತೇನೆ. ಬದಲಿಗೆ ಮಾಸ್ಕ್ ಧರಿಸಲು, ತಾವು ಹೇಳಿದಾಗ ಪರೀಕ್ಷೆ ಮಾಡಿಸಿಕೊಳ್ಳಲು, ರೋಗಿಗಳ ಸಂಪರ್ಕವಿಲ್ಲದ ವಿಭಾಗದಲ್ಲಿ ಕೆಲಸ ಮಾಡಲು ಸಿದ್ಧನಿದ್ದೇನೆ. ತಮ್ಮ ನಿರ್ಧಾರವನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ.”

ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಇನ್‌ವರ್ಡ್ ಸಿಕ್ಕಾ, ತಾರೀಖು ಹಾಕಿಸಿಕೊಳ್ಳಿ. ಸಿಕ್ಕಾ ಹಾಕಲು ಒಲ್ಲೆ ಅಂದರೆ ಇಮೇಲ್ ಮಾಡಿ, ಜೊತೆಗೆ ಸ್ಪೀಡ್ ಪೋಸ್ಟ್ ಕಳಿಸಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿದೆ. ಏಜೆನ್ಸಿ ಮೂಲಕ ಸೇರಿದವರು ಏಜೆನ್ಸಿಗೂ ಕೆಲಸ ಮಾಡುವ ಜಾಗಕ್ಕೂ ಬೇರೆಬೇರೆ ಪ್ರತಿ ಕೊಡಿ. ಇಲ್ಲದಿದ್ದರೆ ಇವರು ಅವರ ಮೇಲೆ, ಅವರು ಇವರ ಮೇಲೆ ಹಾಕುತ್ತಾರೆ.

ಸುಳ್ಳು ಬರೆಯಬೇಡಿ. ಸೈಡ್ ಎಫೆಕ್ಟಿನ ಭಯ ಇದ್ದರೆ ಅದನ್ನು ಧರ್ಮದ ಹೆಸರಲ್ಲಿ ತುರುಕಬೇಡಿ. ಅಲರ್ಜಿಯಂಥ ಕಾರಣವಿದ್ದರೆ ವೈದ್ಯರ ಚೀಟಿ ತಂದು ವೈದ್ಯಕೀಯ ವಿನಾಯಿತಿ ಕೇಳಿ. ಅದು ಧರ್ಮದ ಕಾರಣಕ್ಕಿಂತ ಎಷ್ಟೋ ಗಟ್ಟಿ. ಇನ್ನು ನಕಲಿ ಸರ್ಟಿಫಿಕೇಟ್ ಕೊಂಡವರ ಕಥೆ ಬೇಡವೇ ಬೇಡ. ಅದು ಅಪರಾಧ, ಅಷ್ಟೇ. ಅಲ್ಲಿಗೆ ನಿಮ್ಮ ನಂಬಿಕೆಯ ಮಾತೂ ಮುಗಿಯಿತು.

ಪತ್ರ ಕೊಡುವ ಮೊದಲು ನಿಮ್ಮನ್ನು ನೀವೇ ಒಂದೆರಡು ಪ್ರಶ್ನೆ ಕೇಳಿಕೊಳ್ಳಿ. ಎಚ್‌ಆರ್ ಹೇಗೂ ಕೇಳುತ್ತಾರೆ. ಆ ಹುಡುಗನಿಗೂ ಕೇಳಿದ್ದರಂತೆ: “ಕೆಮ್ಮಿಗೆ ಕ್ಯಾಪ್ಸೂಲ್ ನುಂಗ್ತಿ ಅಲಾ? ಅದರ ಸಿಪ್ಪಿ ಜೆಲಟಿನ್. ಅದು ಎಲ್ಲಿಂದ ಬರ್ತೈತಿ?” ಅವನಿಗೆ ಉತ್ತರ ಹೊಳೆಯಲಿಲ್ಲ. ಬಹಳಷ್ಟು ಕ್ಯಾಪ್ಸೂಲಿನ ಸಿಪ್ಪೆ ಪ್ರಾಣಿಯ ಮೂಳೆ, ಚರ್ಮದಿಂದಲೇ ಆಗುವುದು ನಿಜ. ಕರುವಿನ ವಿಷಯವೂ ಪೂರ್ತಿ ಅವನು ತಿಳಿದ ಹಾಗಿರಲಿಲ್ಲ. ಕೋವ್ಯಾಕ್ಸಿನ್ ತಯಾರಿಯಲ್ಲಿ ಎಳೆಗರುವಿನ ಸೀರಂ ಬಳಸುವುದು ಕೋಶಗಳನ್ನು ಬೆಳೆಸುವ ಹಂತದಲ್ಲಿ. ಆಮೇಲೆ ಅದನ್ನು ತೊಳೆದು ತೆಗೆಯುತ್ತಾರೆ, ಕೊನೆಯ ಲಸಿಕೆಯಲ್ಲಿ ಅದು ಇರುವುದಿಲ್ಲ ಎಂದು ಆರೋಗ್ಯ ಸಚಿವಾಲಯ 2021ರ ಜೂನ್‌ನಲ್ಲೇ ಹೇಳಿತ್ತು. ‘ಬಳಸುವುದೇ ನನಗೆ ಒಪ್ಪಿಗೆಯಿಲ್ಲ’ ಅನ್ನುವುದು ಒಂದು ನಂಬಿಕೆ. ‘ಅದರಲ್ಲಿ ರಕ್ತ ಇದೆ’ ಅನ್ನುವುದು ತಪ್ಪು ಮಾಹಿತಿ. ಪತ್ರದಲ್ಲಿ ಮೊದಲನೆಯದನ್ನು ಬರೆಯಿರಿ.

ಇದೇ ಥರ, ಹಿಂದೆ ಗರ್ಭಪಾತವಾದ ಭ್ರೂಣದಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸಿಕೊಂಡು ಬಂದ ಕೋಶಗಳನ್ನು ಲಸಿಕೆಗೆ ಬಳಸುವ ಬಗ್ಗೆ ಕ್ರೈಸ್ತರಲ್ಲಿ ಕೆಲವರಿಗೆ ಅಳುಕಿತ್ತು. ಬೇರೆ ಲಸಿಕೆ ಸಿಗದಿದ್ದಾಗ ಅಂಥ ಕೋವಿಡ್ ಲಸಿಕೆ ತೆಗೆದುಕೊಳ್ಳಬಹುದು ಎಂದು ವ್ಯಾಟಿಕನ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ಹಜ್‌ಗೆ ಹೋಗುವ ವಿಜಯಪುರದ ಹಿರಿಯರು ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡೇ ವಿಮಾನ ಹತ್ತುವುದು. ಅಂದರೆ ನಿಮ್ಮ ಧರ್ಮದ ದೊಡ್ಡವರೇ ಒಪ್ಪಿದ್ದಾರಲ್ಲ ಅನ್ನುವ ಮಾತು ಎದುರಿನಿಂದ ಬಂದೇ ಬರುತ್ತದೆ. ಸ್ವಾಮಿಗಳದ್ದೋ ಜಮಾತಿನದ್ದೋ ಪಾದ್ರಿಯದ್ದೋ ಪತ್ರ ಸಿಕ್ಕರೆ ಜೊತೆಗಿಡಿ. ಸಿಗದಿದ್ದರೆ ಓಡಾಡಬೇಡಿ. ನಿಮ್ಮ ಮಾತಲ್ಲೇ ಬರೆಯಿರಿ.

ಧರ್ಮದ ಕಾರಣ ಎಷ್ಟು ತೂಗುತ್ತದೆ?

ನಿಜ ಹೇಳಬೇಕೆಂದರೆ, ಇಲ್ಲಿ ಕಡಿಮೆ ತೂಗುತ್ತದೆ. ‘ಧಾರ್ಮಿಕ ವಿನಾಯಿತಿ’ ಅನ್ನುವ ಮಾತೇ ಹೆಚ್ಚಾಗಿ ಅಮೆರಿಕದಿಂದ ಬಂದದ್ದು. ನಮ್ಮ ಸಂವಿಧಾನದ 25ನೇ ವಿಧಿ ಧರ್ಮದ ಸ್ವಾತಂತ್ರ್ಯ ಕೊಡುತ್ತದೆ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಈ ಮೂರಕ್ಕೆ ಒಳಪಟ್ಟು ಅಂತ ಅದೇ ಸಾಲಿನಲ್ಲಿ ಬರೆದಿದೆ. ಆರೋಗ್ಯ ಅನ್ನುವ ಪದ ಅಲ್ಲೇ ಕುಳಿತಿದೆ ನೋಡಿ. ಮೇಲಾಗಿ ಮೂಲಭೂತ ಹಕ್ಕುಗಳನ್ನು ಮುಖ್ಯವಾಗಿ ಕೇಳುವುದು ಸರ್ಕಾರದ ವಿರುದ್ಧ. ಖಾಸಗಿ ಮಾಲೀಕರ ವಿರುದ್ಧ ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವುದು ಕಷ್ಟ.

ಹೆಚ್ಚು ತೂಗುವುದು ಒಪ್ಪಿಗೆಯ ಮಾತು. 2022ರ ಮೇ 2ರಂದು ಸುಪ್ರೀಂ ಕೋರ್ಟ್ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ದೇಹದ ಮೇಲಿನ ಹಕ್ಕು 21ನೇ ವಿಧಿಯಲ್ಲಿ ಸೇರಿದೆ ಎಂದಿತು. ಲಸಿಕೆ ಹಾಕಿಸಿಕೊಳ್ಳದವರ ಮೇಲೆ ಆಗ ಹೇರಿದ್ದ ನಿರ್ಬಂಧಗಳು ಅಳತೆ ಮೀರಿವೆ, ಖಾಸಗಿ ಸಂಸ್ಥೆಗಳೂ ಅವನ್ನು ಮತ್ತೊಮ್ಮೆ ನೋಡಲಿ ಅಂತಲೂ ಹೇಳಿತು. ಆದರೆ ಅದೇ ತೀರ್ಪು ಸರ್ಕಾರದ ಲಸಿಕೆ ನೀತಿಯನ್ನು ಎತ್ತಿ ಹಿಡಿಯಿತು, ಸಾರ್ವಜನಿಕ ಆರೋಗ್ಯಕ್ಕಾಗಿ ಅಳತೆಯೊಳಗಿನ ನಿರ್ಬಂಧ ಹಾಕಬಹುದು ಎಂದೂ ಹೇಳಿತು. ಅರ್ಧ ತೀರ್ಪನ್ನು ಮಾತ್ರ ವಾಟ್ಸಾಪಿನಲ್ಲಿ ಓದಿ ಎಚ್‌ಆರ್ ಮುಂದೆ ಕುಣಿದರೆ ಉಳಿದರ್ಧವನ್ನು ಅವರ ವಕೀಲರು ಓದುತ್ತಾರೆ.

ಹಾಗಾಗಿ ನಂಬಿಕೆಯನ್ನು ಪ್ರಾಮಾಣಿಕವಾಗಿ ಬರೆಯಿರಿ, ಆದರೆ ಭಾರವನ್ನೆಲ್ಲ ಅದರ ಮೇಲೆ ಹಾಕಬೇಡಿ. ನಿಮ್ಮನ್ನು ತೆಗೆದ ರೀತಿ ಸರಿಯಿತ್ತೇ? ನೋಟಿಸ್ ಕೊಟ್ಟರೇ? ಬೇರೆ ಕೆಲಸ ಕೊಡಬಹುದಿತ್ತೇ? ಕಾರ್ಮಿಕ ಪ್ರಕರಣಗಳಲ್ಲಿ ಓಡುವುದು ಈ ಪ್ರಶ್ನೆಗಳು.

ಕ್ಯಾಬಿನ್‌ಗೆ ಕರೆದಾಗ

ಒಬ್ಬರೇ ಹೋಗಬೇಕಾಗುತ್ತದೆ. ಬಾಗಿಲು ಹಾಕುತ್ತಾರೆ. ಚಹಾ ಬರುತ್ತದೆ. ನನ್ನ ಅನುಭವದಲ್ಲಿ ಚಹಾ ಬಂತೆಂದರೆ ಹಾಳೆ ತಯಾರಿದೆ ಅಂತಲೇ ಅರ್ಥ.

“ನಿನ್ನ ಒಳ್ಳೇದಕ್ಕ ಹೇಳಾಕತ್ತೇವಿ. ಡಿಸ್ಮಿಸ್ ಅಂತ ಬಂದ್ರ ಮುಂದ ಯಾರೂ ಕೆಲಸ ಕೊಡಂಗಿಲ್ಲ. ರಾಜೀನಾಮಾ ಬರಿ, ಇವತ್ತ ಸೆಟ್ಲಮೆಂಟ್ ಮಾಡ್ತೇವಿ.”

ಇದಕ್ಕೆ ಒಂದೇ ಉತ್ತರ ಬಾಯಿಪಾಠ ಮಾಡಿಕೊಳ್ಳಿ: “ಸರ್, ಮನ್ಯಾಗ ಕೇಳಿ ನಾಳೆ ಹೇಳ್ತೇನಿ.” ಜಗಳ ಬೇಡ, ಕಾನೂನಿನ ಭಾಷಣ ಬೇಡ. ಸುಮ್ನೆ ಎದ್ದು ಬನ್ನಿ. ಮನೆಗೆ ಬಂದವರೇ ಇಮೇಲ್ ಬರೆಯಿರಿ: ‘ಇಂದು ಮಧ್ಯಾಹ್ನ ಇಷ್ಟು ಗಂಟೆಗೆ ನನ್ನನ್ನು ಕರೆದು ರಾಜೀನಾಮೆ ಕೇಳಿದಿರಿ. ನನಗೆ ರಾಜೀನಾಮೆ ಕೊಡುವ ಇಚ್ಛೆ ಇಲ್ಲ. ನಾನು ಕೆಲಸಕ್ಕೆ ಸಿದ್ಧನಿದ್ದೇನೆ.’ ಇಷ್ಟೇ ಸಾಕು.

ಆಗಲೇ ಸಹಿ ಹಾಕಿಬಿಟ್ಟಿದ್ದರೆ? ರಾಜೀನಾಮೆ ಜಾರಿಗೆ ಬರುವ ಮೊದಲು, ಸಾಮಾನ್ಯವಾಗಿ, ಹಿಂತೆಗೆದುಕೊಳ್ಳಬಹುದು. ಅದೇ ರಾತ್ರಿ ಬರೆಯಿರಿ. ಯಾರು ಟೈಪ್ ಮಾಡಿದರು, ಎಷ್ಟು ಹೊತ್ತು ಕೂರಿಸಿದರು ಎಲ್ಲ ಬರೆಯಿರಿ. ನಮ್ಮ ಹುಡುಗ ನನ್ನ ಹತ್ತಿರ ಬಂದಾಗ ಸಹಿ ಹಾಕಿ ಹನ್ನೊಂದು ದಿನ ಆಗಿತ್ತು. ರಿಲೀವಿಂಗ್ ಲೆಟರ್ ಕೈಯಲ್ಲಿತ್ತು.

ಮರುದಿನ ಗೇಟಿನಲ್ಲಿ ತಡೆದರೆ, ಬೆರಳಚ್ಚಿನ ಮಷೀನಿನಿಂದ ಹೆಸರು ತೆಗೆದಿದ್ದರೆ, ಗೇಟಿನ ಮುಂದೆ ನಿಂತು ಸಮಯ ಕಾಣುವ ಹಾಗೆ ಫೋಟೋ ತೆಗೆದುಕೊಳ್ಳಿ, ಅದನ್ನೂ ಇಮೇಲ್ ಮಾಡಿ. ಇದನ್ನು ಮಾಡದವರ ಮೇಲೆ ‘ಹೇಳದೆ ಕೇಳದೆ ಗೈರುಹಾಜರಾದ’ ಅನ್ನುವ ಕಾಗದ ಬರುತ್ತದೆ. ಟೈಮ್ ಆಫೀಸಿನಲ್ಲಿ ಅಂಥ ಕಾಗದಗಳನ್ನು ನಾನೇ ಟೈಪ್ ಮಾಡಿದ್ದೇನೆ, ಏನು ಮಾಡುವುದು.

ಕಂಪನಿಯಿಂದ ಚಾರ್ಜ್‌ಶೀಟ್ (ಆರೋಪಪಟ್ಟಿ) ಬಂದರೆ ಹೆದರಬೇಡಿ, ಅದು ಒಳ್ಳೆಯದೇ. ಕೊಟ್ಟ ಗಡುವಿನೊಳಗೆ ಉತ್ತರ ಕೊಡಿ, ಮೊದಲ ಪತ್ರದ ಪ್ರತಿ ಲಗತ್ತಿಸಿ, ವಿಚಾರಣೆಗೆ ತಪ್ಪದೆ ಹೋಗಿ. ಅಮಾನತಿನಲ್ಲಿ ಇಟ್ಟರೆ ಮೊದಲ 90 ದಿನ ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ ಕೇಳಿ. ಪ್ರೊಬೇಷನ್‌ನಲ್ಲಿ ಇರುವವರ ಕೈ ಇಲ್ಲಿ ಬಹಳ ಸಡಿಲ, ಅವರನ್ನು ಕಳಿಸುವುದು ಸುಲಭ.

ದುಡ್ಡಿನ ಲೆಕ್ಕ

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ತೆಗೆದುಹಾಕಿದರೂ, ರಾಜೀನಾಮೆ ಕೊಟ್ಟರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ‘ಮುಂದಿನ ತಿಂಗಳ ಸೈಕಲ್‌ನಲ್ಲಿ ಬರ್ತದ’ ಅನ್ನುವುದು ನಡೆಯುವುದಿಲ್ಲ. ಹೆಚ್ಚುವರಿ ಸಿಬ್ಬಂದಿ ಅಂತ ರಿಟ್ರೆಂಚ್ ಮಾಡಿದರೆ, ವರ್ಷ ತುಂಬಿದ ಕೆಲಸಗಾರನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು.

ಗ್ರಾಚುಯಿಟಿ, ಅಂದರೆ ಸೇವೆಯ ಲೆಕ್ಕದ ಇಡಿಗಂಟು, ಐದು ವರ್ಷ ಆದವರಿಗೆ. ಲೆಕ್ಕ ಹೀಗೆ: ಕೊನೆಯ ತಿಂಗಳ ಸಂಬಳ 18,000 ರೂಪಾಯಿ, ಸೇವೆ 6 ವರ್ಷ ಅಂದುಕೊಳ್ಳಿ. 18,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 6ರಿಂದ ಗುಣಿಸಿ. ಸುಮಾರು 62,300 ಆಗುತ್ತದೆ. ಇಲ್ಲಿ ಸಂಬಳ ಅಂದರೆ ಕೈಗೆ ಬರುವ ಪೂರ್ತಿ ಮೊತ್ತ ಅಲ್ಲ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಮುಖ್ಯ. ನಿಗದಿತ ಅವಧಿಯ ಒಪ್ಪಂದದವರಿಗೆ ಈಗ ಒಂದೇ ವರ್ಷಕ್ಕೆ ಗ್ರಾಚುಯಿಟಿ ಹಕ್ಕು ಬರುತ್ತದೆ. ಪಿಎಫ್ ನಿಮ್ಮ ಯುಎಎನ್ (ಪಿಎಫ್ ಖಾತೆಯ ನಂಬರ್) ಅಡಿಯಲ್ಲಿ ಇರುತ್ತದೆ. ಕೆಲಸ ಬಿಟ್ಟ ತಾರೀಖನ್ನೂ ಕಾರಣವನ್ನೂ ಅವರು ಅಲ್ಲಿ ಏನೆಂದು ತುಂಬಿದ್ದಾರೆ ನೋಡಿ.

ಲೆಕ್ಕವೆಲ್ಲ ಮುಗಿಯಿತು ಅನ್ನುವ ‘ಫುಲ್ ಅಂಡ್ ಫೈನಲ್’ ಹಾಳೆಗೆ ಸಹಿ ಹಾಕಲೇಬೇಕಾದರೆ, ಸಹಿಯ ಮೇಲೆ ‘ನನ್ನ ಹಕ್ಕು ಕಾಯ್ದಿರಿಸಿ ಸ್ವೀಕರಿಸಿದ್ದೇನೆ’ ಅಂತ ಕೈಯಲ್ಲಿ ಬರೆಯಿರಿ.

ಯಾವ ಬಾಗಿಲು?

ಇದು ನೀವು ಯಾರು ಅನ್ನುವುದರ ಮೇಲಿದೆ. ಫ್ಯಾಕ್ಟರಿ, ಅಂಗಡಿ, ಸಕ್ಕರೆ ಕಾರ್ಖಾನೆ, ಲ್ಯಾಬ್ ಇಂಥ ಕಡೆ ಕೈಯಿಂದಲೋ ತಾಂತ್ರಿಕವಾಗಿಯೋ ಕ್ಲರ್ಕ್ ಆಗಿಯೋ ಕೆಲಸ ಮಾಡುವವರು ಜಿಲ್ಲೆಯ ಲೇಬರ್ ಆಫೀಸಿಗೆ ಹೋಗಿ ಸಂಧಾನಕ್ಕೆ ಅರ್ಜಿ ಕೊಡಿ. 45 ದಿನದಲ್ಲಿ ಬಗೆಹರಿಯದಿದ್ದರೆ ನೀವೇ ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಹಳೆಯ ಕಾಯ್ದೆಯಲ್ಲಿ ಇದು ಮೂರು ವರ್ಷ ಇತ್ತು. ಮ್ಯಾನೇಜರ್ ಹುದ್ದೆಯವರಿಗೂ, ತಿಂಗಳಿಗೆ 18,000ಕ್ಕಿಂತ ಜಾಸ್ತಿ ಸಂಬಳದ ಸೂಪರ್‌ವೈಸರ್‌ಗಳಿಗೂ ಈ ಬಾಗಿಲು ತೆರೆಯುವುದಿಲ್ಲ. ಅವರು ನೇಮಕಾತಿ ಪತ್ರ ಹಿಡಿದು ಸಿವಿಲ್ ವಕೀಲರನ್ನು ನೋಡಬೇಕು. ಟ್ರಸ್ಟಿನ ಆಸ್ಪತ್ರೆಗಳು ‘ನಮ್ಮದು ಸೇವಾ ಸಂಸ್ಥೆ, ಉದ್ಯಮವೇ ಅಲ್ಲ’ ಎಂದು ವಾದ ಹೂಡಬಹುದು. ಅದಕ್ಕೂ ತಯಾರಿರಿ.

ಖಾಸಗಿ ಶಾಲೆಯ ಶಿಕ್ಷಕರಿಗೆ ಲೇಬರ್ ಆಫೀಸ್ ಅಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಂ ಪ್ರಕಾರ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು, ಆದೇಶ ಕೈಗೆ ಬಂದ ಮೂರೇ ತಿಂಗಳಲ್ಲಿ. ಲೇಬರ್ ಆಫೀಸಿಗೆ ಅಲೆದು ಈ ಮೂರು ತಿಂಗಳು ಕಳೆದುಕೊಳ್ಳಬೇಡಿ. ರಾಜ್ಯ ಸರ್ಕಾರಿ ನೌಕರರು ಕೆಎಟಿಗೆ (ಕರ್ನಾಟಕ ಆಡಳಿತ ನ್ಯಾಯಮಂಡಳಿ) ಹೋಗಬೇಕು. ಅದರ ಪೀಠ ಬೆಳಗಾವಿಯಲ್ಲೇ ಇದೆ, ಬೆಂಗಳೂರಿನ ರೈಲು ಹಿಡಿಯಬೇಕಿಲ್ಲ. ಮುಂದೆ ಹೈಕೋರ್ಟಿಗೆ ಹೋಗುವುದಾದರೆ ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.

ವಕೀಲರ ಫೀಗೆ ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ. ಕಾರ್ಮಿಕರೂ ಆ ಪಟ್ಟಿಯಲ್ಲಿ ಇದ್ದಾರೆ ಅನ್ನುವುದು ಯೂನಿಯನ್‌ನವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.

2021ರಲ್ಲಿ ಕೆಲಸ ಹೋಗಿ ಈಗ ಎಚ್ಚೆತ್ತವರಿಗೆ ಮರುನೇಮಕದ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಪಿಎಫ್, ಗ್ರಾಚುಯಿಟಿ ಬಾಕಿ ಇದ್ದರೆ ಅದನ್ನಾದರೂ ಕೇಳಿ.

ಮಕ್ಕಳು ಅಮೆರಿಕದಲ್ಲಿ ಇದ್ದರೆ

ಅಲ್ಲಿ ಕಥೆ ಉಲ್ಟಾ. ಅಲ್ಲಿ ಧರ್ಮದ ಕಾರಣವೇ ಮುಖ್ಯ ಆಯುಧ. 1964ರ ನಾಗರಿಕ ಹಕ್ಕು ಕಾಯ್ದೆಯ 7ನೇ ಭಾಗದ ಪ್ರಕಾರ, ನೌಕರನ ಪ್ರಾಮಾಣಿಕ ನಂಬಿಕೆಗೆ ಮಾಲೀಕರು ಅನುಕೂಲ ಮಾಡಿಕೊಡಬೇಕು. ಆಗುವುದಿಲ್ಲ ಅನ್ನಬೇಕಾದರೆ ವ್ಯವಹಾರಕ್ಕೆ ದೊಡ್ಡ ಹೊರೆಯಾಗುತ್ತದೆ ಅಂತ ತೋರಿಸಬೇಕು. 2023ರ ಜೂನ್ 29ರಂದು ಅಲ್ಲಿನ ಸುಪ್ರೀಂ ಕೋರ್ಟ್ ಗ್ರಾಫ್ ಪ್ರಕರಣದಲ್ಲಿ ಈ ಅಳತೆಯನ್ನು ನೌಕರರ ಪರವಾಗಿ ಬಿಗಿ ಮಾಡಿತು. ಅದು ಭಾನುವಾರ ಕೆಲಸಕ್ಕೆ ಬರಲಾರೆ ಅಂದ ಅಂಚೆ ನೌಕರನ ಪ್ರಕರಣ, ಲಸಿಕೆಯದ್ದಲ್ಲ. ಆದರೂ ಲಸಿಕೆಯ ದಾವೆಗಳಿಗೆ ಅದು ಆಸರೆಯಾಯಿತು. 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ರೈಲು ಸಂಸ್ಥೆಯ ಆರು ಮಾಜಿ ನೌಕರರಿಗೆ ಜ್ಯೂರಿ 70 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಟ್ಟಿತು.

ಆದರೆ ಅಲ್ಲಿ ಗಡುವು ಬಹಳ ಬಿಗಿ. ಸಮಾನ ಉದ್ಯೋಗಾವಕಾಶ ಆಯೋಗಕ್ಕೆ 180 ದಿನದೊಳಗೆ, ಬಹಳಷ್ಟು ರಾಜ್ಯಗಳಲ್ಲಿ 300 ದಿನದೊಳಗೆ ದೂರು ಕೊಡಬೇಕು. ಎಚ್‌-1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ ಅಲ್ಲಿರಲು ಅವಕಾಶ. ದೂರಿಗಿಂತ ಮೊದಲು ಆ ಲೆಕ್ಕ ಹಾಕಲು ಹೇಳಿ. ಬೆಳಗಾವಿಯ ಮನೆಯಲ್ಲೇ ಕುಳಿತು ಅಮೆರಿಕದ ಕಂಪನಿಗೆ ದುಡಿಯುವ ಭಾರತೀಯರಿಗೆ ಆ ಕಾಯ್ದೆ ಸಿಗುವುದಿಲ್ಲ.

ಮುಂದಿನ ಕೆಲಸ

ಇಂಟರ್‌ವ್ಯೂನಲ್ಲಿ ಯಾಕೆ ಬಿಟ್ಟಿರಿ ಅಂತ ಕೇಳಿದರೆ ಉದ್ದ ಕಥೆ ಬೇಡ. ‘ಒಂದು ನಿಯಮದ ಬಗ್ಗೆ ಭಿನ್ನಾಭಿಪ್ರಾಯ ಬಂತು’ ಅನ್ನಿ, ಮತ್ತೆ ಕೇಳಿದರೆ ನಿಜ ಹೇಳಿ. ಸೇರುವ ಮೊದಲೇ ಅಲ್ಲಿ ಯಾವ ಲಸಿಕೆ ಕೇಳುತ್ತಾರೆ ಅಂತ ವಿಚಾರಿಸಿ.

ನಮ್ಮ ಹುಡುಗ ಏಳು ತಿಂಗಳು ಮನೆಯಲ್ಲಿ ಕುಳಿತ. ಆಮೇಲೆ ಟಿಳಕವಾಡಿ ಕಡೆ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಒಂದು ಕಾಲಕ್ಕೆ ಸಿಡುಬಿನ ಲಸಿಕೆಯನ್ನೇ ತಯಾರಿಸುತ್ತಿದ್ದ ವ್ಯಾಕ್ಸಿನ್ ಡಿಪೋ ಮೈದಾನದ ಪಕ್ಕದಿಂದಲೇ ಅವನು ದಿನಾ ಗಾಡಿ ಓಡಿಸಿಕೊಂಡು ಹೋಗುತ್ತಾನೆ. ಅಲ್ಲಿ ಹೆಪಟೈಟಿಸ್ ಬಿ ಕೇಳಿದರು. ಈ ಸಲ ಪತ್ರ ಬರೆಯುವ ಮೊದಲು ಬಾಟಲಿಯ ಜೊತೆ ಬರುವ ಸಣ್ಣಕ್ಷರದ ಚೀಟಿ ಕೇಳಿ ತಂದ. ಇಬ್ಬರೂ ಕನ್ನಡಕ ಹಾಕಿಕೊಂಡು ಓದಿದೆವು. ಈಸ್ಟ್‌ನಲ್ಲಿ ಬೆಳೆಸಿದ್ದು ಅಂತ ಇತ್ತು.

“ಈಸ್ಟ್ ಅಂದ್ರೂ ಜೀವನ ಅಲ್ಲೇನ್ರಿ ಕಾಕಾ?” ಅಂತ ಒಂದು ಗಳಿಗೆ ಕುಳಿತ. ಆಮೇಲೆ ಅವನೇ ನಕ್ಕ. “ಹೋಗ್ಲಿ ಬಿಡ್ರಿ, ಬ್ರೆಡ್ ತಿಂತೇನಲಾ.”

ಮೊದಲನೆಯದು, ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು, ಎಲ್ಲ ಹಾಕಿಸಿಕೊಂಡ. ಮೂರನೆಯದು ಆದ ದಿನ ಕಾರ್ಡಿನ ಝೆರಾಕ್ಸ್ ಎರಡು ತೆಗೆಸಿ ತಂದು, ಒಂದನ್ನು ನನ್ನ ಕೈಗಿಟ್ಟ. ಮೂಲೆಯಲ್ಲಿ ಇನ್‌ವರ್ಡ್ ಸಿಕ್ಕಾ ಇತ್ತು, ತಾರೀಖಿನ ಸಮೇತ.